ಬಹು ಅವಸ್ಥೆಯ ಹರಿವು

ತಿಳಿಯದ ವಿಷಯವನ್ನು ತಿಳಿದವರ ಹಾಗೆ ಮಾತಾಡಬೇಕಾಗಿ ಬಂದರೆ ನಮ್ಮಂಥವರಿಗೆ ಇರುವುದು ಒಂದೇ ಉಪಾಯ: ಸಂಸ್ಕೃತ. ಪದ ಉದ್ದವಾದಷ್ಟೂ ಕೇಳುವವರ ಪ್ರಶ್ನೆ ಗಿಡ್ಡವಾಗುತ್ತದೆ. ಇನ್ನೂ ಎಳೆದರೆ ಪ್ರಶ್ನೆಯೇ ಉಳಿಯುವುದಿಲ್ಲ. ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿರುವ ನಾನು ಈ ಉಪಾಯದ ಮೇಲೆಯೇ ಸಂಸಾರ ನಡೆಸಿಕೊಂಡು ಬಂದಿದ್ದೇನೆ. ವಾರಕ್ಕೊಂದು ಪೀರಿಯಡ್ಡು, ಅದರಲ್ಲೂ ಅರ್ಧ ಹುಡುಗರು ಲ್ಯಾಬ್ ರೆಕಾರ್ಡ್ ಬರೆಯುತ್ತಿರುತ್ತಾರೆ. ನಾನೂ ಕಂಡೂ ಕಾಣದ ಹಾಗೆ ಇದ್ದುಬಿಡುತ್ತೇನೆ.

ಇದೆಲ್ಲ ನಮ್ಮ ಮಾವನಿಗೆ ಗೊತ್ತಿರುವುದೇ ನನ್ನ ಸಂಕಟ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ ಅವರದು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಮನುಷ್ಯ ಒಳ್ಳೆಯವರು. ಆದರೆ ಪ್ರತಿ ಹಬ್ಬದಲ್ಲೂ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ, "ಅಲ್ಲ ಅಳಿಯಂದ್ರೆ, ಮಿಷಿನ್ ಕಾಲೇಜಲ್ಲಿ ಕನ್ನಡಕ್ಕೇನ್ ಕೆಲ್ಸ?" ಎಂದು ಕೇಳುತ್ತಾರೆ. ಕುಚೋದ್ಯವಲ್ಲ, ನಿಜವಾದ ಕಾಳಜಿ. ಅದಕ್ಕೇ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಸಲವಾದರೂ ಅವರು ನನ್ನನ್ನು ವೇದಿಕೆಯ ಮೇಲೆ ನೋಡಿ, "ಭಲೆ!" ಅನ್ನಬೇಕೆಂಬುದು ನನ್ನ ಬಹುದಿನದ ಆಸೆ.

ಹಾಗಿರುವಾಗ ಪ್ರಿನ್ಸಿಪಾಲರು ಕರೆಸಿದರು. "ಮಲ್ಟಿಫೇಸ್ ಫ್ಲೋ ಅಂತ ದೊಡ್ಡ ಸಮ್ಮೇಳನ ಮಾಡ್ತಿದೀವಿ. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಬರ್ತಾರೆ. ಮೊದಲನೇ ದಿನ ಊರಿನವರೂ ಬರಬಹುದು. ಅವರಿಗೆ ಅರ್ಥ ಆಗೋ ಹಾಗೆ ಐದು ನಿಮಿಷ ಕನ್ನಡದಲ್ಲಿ ಮಾತಾಡಿ. ಬ್ಯಾನರ್‌ಗೂ ಒಂದು ಕನ್ನಡ ಹೆಸರು ಕೊಡಿ" ಎಂದರು. ಹೊರಗೆ ಬಂದವನೇ ಮಾವನಿಗೆ ಫೋನ್ ಮಾಡಿದೆ. ಆಮೇಲೆ ನಿಘಂಟು ತೆಗೆದೆ. 'ಬಹುಪ್ರಾವಸ್ಥೆ' ಎಂಬ ಭಾರಿ ಪದ ಸಿಕ್ಕಿತು. 'ಬಹುಪ್ರಾವಸ್ಥೆಯ ದ್ರವ ಹರಿವು' ಎಂದು ಬರೆದುಕೊಟ್ಟೆ. ಫ್ಲೆಕ್ಸ್ ಅಂಗಡಿಯವನು 'ಪ್ರಾ' ಎಲ್ಲೋ ತಪ್ಪಿ ಸೇರಿಕೊಂಡಿದೆಯೆಂದು ತಾನೇ ತಿದ್ದಿ, 'ಬಹು ಅವಸ್ಥೆಯ ದ್ರವ ಹರಿವು' ಎಂದು ಆಳೆತ್ತರದ ಅಕ್ಷರದಲ್ಲಿ ಅಚ್ಚು ಹಾಕಿ ಕಳಿಸಿದ.

ಆ ದಿನ ಮಾವ ಗರಿಗರಿ ಪಂಚೆಯುಟ್ಟು, ಹಣೆತುಂಬ ವಿಭೂತಿ ಧರಿಸಿ ಎಲ್ಲರಿಗಿಂತ ಮೊದಲೇ ಬಂದರು. ಬ್ಯಾನರನ್ನು ಗಟ್ಟಿಯಾಗಿ ಓದಿ ನನ್ನ ಹೆಗಲ ಮೇಲೆ ಕೈಯಿಟ್ಟರು. "ದಿಟ ಅಳಿಯಂದ್ರೆ, ನಮ್ ಬೋರ್‌ವೆಲ್ಲಿಂದು ಬಹು ಅವಸ್ಥೆನೇ. ಯಾರೋ ಕಣ್ಣಲ್ಲಿ ಕಂಡೋರೇ ಬರ್ದವ್ರೆ ಬುಡಿ. ಹಗಲೊತ್ತು ತ್ರೀ ಫೇಸೇ ಇರಲ್ಲ, ಇವ್ರು ಮಲ್ಟಿ ಫೇಸೇ ಕೊಡ್ತಾರಾ? ಕೊಟ್ರೂ ಕೊಟ್ರು. ನಮ್ ತಾಲ್ಲೂಕಿನ ಬಿದರೆಹಳ್ಳ ಕಾವಲಲ್ಲಿ ಹೆಲಿಕಾಪ್ಟ್ರೇ ಮಾಡ್ತಾವ್ರಂತೆ, ಕರೆಂಟ್ ಏನ್ ಮಹಾ!" ಎಂದರು. ಆಗಲೇ ನನಗೆ ಹೊಳೆದದ್ದು: ಫೋನಿನಲ್ಲಿ ನಾನು 'ಮಲ್ಟಿಫೇಸ್' ಅಂದಿದ್ದು ಅವರಿಗೆ ಪಂಪ್‌ಸೆಟ್ಟಿನ ಕರೆಂಟಾಗಿ ಕೇಳಿಸಿತ್ತು! "ಅದು ಹಾಗಲ್ಲ ಮಾವ..." ಅನ್ನುವಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು.

ಮಾತಾಡಿದೆ. 'ದ್ರವಾನಿಲಘನಗಳ ಸಹಪ್ರವಾಹದಲ್ಲಿ ಅಂತರ್ಗತವಾದ ಅನಿಶ್ಚಿತ ಪರಸ್ಪರಾವಲಂಬನೆ' ಎಂದು ಒಂದೇ ಉಸಿರಿನಲ್ಲಿ ಹೇಳಿದಾಗ ನನಗೇ ರೋಮಾಂಚನವಾಯಿತು. ಮಾವ ಫ್ಯಾನು ತಿರುಗುವುದನ್ನು ನೋಡುತ್ತಿದ್ದರು.

ನನ್ನ ನಂತರ ಮುಖ್ಯ ಭಾಷಣ. ನರೆಗೂದಲಿನ ಒಬ್ಬ ಹೆಂಗಸು, ಕಾಟನ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಶೂ. ದೊಡ್ಡ ವಿಜ್ಞಾನಿಯಂತೆ. "ನಮ್ಮೂರು ಕುಣಿಗಲ್ ಹತ್ರ" ಎಂದು ಅವರು ಕನ್ನಡದಲ್ಲೇ ಶುರುಮಾಡಿದ್ದೇ ತಡ, ಮಾವ ಎದ್ದು ನಿಂತರು. "ಅಮ್ಮಾ, ಹಗಲೊತ್ತು ಫೇಸ್ ಯಾವಾಗ ಕೊಡ್ತೀರಾ?"

ಸಭೆ ಗೊಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆಕೆ ಮಾತ್ರ ನಗಲಿಲ್ಲ. "ಕರೆಂಟು ನನ್ ಕೈಲಿಲ್ಲ ಯಜಮಾನ್ರೇ. ನಿಮ್ ಬೋರಲ್ಲಿ ನೀರು ಹೆಂಗ್ ಬರುತ್ತೆ ಹೇಳಿ" ಎಂದರು.

"ಹೆಂಗೇನ್ ಬಂತು? ಒಂದ್ಸಲ ಬುಸ್ ಅಂತ ಗಾಳಿ, ಒಂದ್ಸಲ ಬುಳಕ್ ಅಂತ ನೀರು, ಮಧ್ಯ ಮಧ್ಯ ಮಳ್ಳು."

"ನೀರು ಒಂದು ಫೇಸು, ಗಾಳಿ ಒಂದು, ಮರಳು ಒಂದು. ಮೂರೂ ಒಂದೇ ಪೈಪಲ್ಲಿ ಜಗಳ ಆಡ್ಕೊಂಡು ಬರೋದೇ ಮಲ್ಟಿಫೇಸು. ಇಷ್ಟು ಜನ ಆ ಜಗಳ ನೋಡೋಕೇ ಬಂದಿರೋದು."

"ಹಂಗಾರೆ ತ್ರೀ ಫೇಸು ನಮ್ ಪೈಪಲ್ಲೇ ಅದೆ ಅನ್ನಿ!" ಎಂದು ಮಾವ ಸಮಾಧಾನದಿಂದ ಕೂತರು.

ಆಮೇಲೆ ಆಕೆ ಪರದೆಯ ಮೇಲೆ ಒಂದು ಗಾಜಿನ ಕೊಳವೆ ತೋರಿಸಿದರು. ಅದರೊಳಗೆ ನೀರು, ನೀರಿನಲ್ಲಿ ಗಾಳಿ, ಎಲ್ಲವೂ ನಿಧಾನವಾಗಿ. ಸಾಸಿವೆಯಷ್ಟು ಗುಳ್ಳೆಗಳು ಅಲ್ಲಾಡುತ್ತ ಮೇಲೇರುತ್ತಿದ್ದವು. ಒಂದು ಇನ್ನೊಂದನ್ನು ಮುಟ್ಟಿ ನುಂಗಿತು. ಅದನ್ನು ಮತ್ತೊಂದು ನುಂಗಿತು. ನೋಡನೋಡುತ್ತ ಕೊಳವೆಯ ಅಗಲಕ್ಕೂ ಒಂದೇ ಗುಳ್ಳೆ, ತಲೆ ದುಂಡಗೆ, ಗಂಭೀರವಾಗಿ ಎದ್ದುಬಂತು. ನೀರು ಅಂಚಿನಲ್ಲಿ ತೆಳ್ಳಗೆ ಜಾರಿ ಅದಕ್ಕೆ ದಾರಿ ಬಿಟ್ಟಿತು. ಬಾಲದ ಹಿಂದೆ ಸುಳಿಯೋ ಸುಳಿ. "ಈ ಸುಳಿಯಲ್ಲಿ ಮುಂದಿನ ಗುಳ್ಳೆ ಎತ್ತ ಹೋಗುತ್ತೆ ಅಂತ ಸರಿಯಾಗಿ ಹೇಳೋಕೆ ನಮಗೆ ಇನ್ನೂ ಬರಲ್ಲ. ತಲೆ ನರೆಯೋವರೆಗೂ ನೋಡಿದೀನಿ, ಬೇಜಾರೇ ಆಗಿಲ್ಲ" ಎಂದರು ಆಕೆ. ಅಷ್ಟು ಓದಿದವರೆಲ್ಲ ಒಂದು ಗುಳ್ಳೆಗಾಗಿ ಉಸಿರು ಹಿಡಿದು ಕೂತಿದ್ದರು. ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ಕುದಿಯುವ ನೀರನ್ನು ನಾನೂ ನೋಡುತ್ತೇನೆ. ಕಾಫಿ ಯಾವಾಗ ಬರುತ್ತದೆ ಎಂಬುದರ ಆಚೆಗೆ ಏನೂ ಹೊಳೆದಿಲ್ಲವಲ್ಲ ಎನ್ನಿಸಿತು. ಮಾವನ ಕಡೆ ತಿರುಗಿದೆ. ಅವರು ಎರಡೂ ಕೈ ಜೋಡಿಸಿಕೊಂಡು ಪರದೆಯನ್ನೇ ನೋಡುತ್ತಿದ್ದರು.

ಸಂಜೆ ಅವರನ್ನು ಬಸ್‌ಸ್ಟ್ಯಾಂಡಿಗೆ ಕರೆತಂದೆ. ಕಣ್ಣಿನ ಹೊಳಪು ಇನ್ನೂ ಆರಿರಲಿಲ್ಲ. "ಎಂಥಾ ಕಾಲೇಜು ಅಳಿಯಂದ್ರೆ ನಿಮ್ದು! ಆಯಮ್ಮ ಹೇಳಿದ್ದು ಒಂದಕ್ಷರ ಬುಡದಂಗೆ ಅರ್ಥ ಆಯ್ತು" ಎಂದರು. ನನ್ನ ಪಾಲಿನ ಹೊಗಳಿಕೆ ಈಗ ಬರಬಹುದೆಂದು ಕಾದೆ. ಬರಲಿಲ್ಲ. ಅವರು ಬಸ್ಸು ಹತ್ತಿ ಕೂತ ಮೇಲೆ ಮಾನ ಬಿಟ್ಟು, "ನಾನು ಮಾತಾಡಿದ್ದು ಹೇಗಿತ್ತು ಮಾವ?" ಎಂದು ಕೇಳಿಯೇಬಿಟ್ಟೆ.

ಮಾವ ಕಿಟಕಿಯಿಂದ ಕೈ ಚಾಚಿ ನನ್ನ ಬೆನ್ನು ತಟ್ಟಿದರು. "ಭಲೆ ಅಳಿಯಂದ್ರೆ! ಕನ್ನಡ ಮೇಷ್ಟ್ರಾಗಿ ಅಷ್ಟೊತ್ತು ಇಂಗ್ಲೀಷಲ್ಲಿ ಮಾತಾಡೋದು ಅಂದ್ರೆ ಸಾಮಾನ್ಯನಾ?"