ಅತ್ತೆಯ ಸೀಟ್‌ಬೆಲ್ಟು

ವಯಸ್ಸಾದವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವವರಿಗೆ ದಾರಿಯಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಅದಕ್ಕೆ ದೂರದ ಪ್ರಯಾಣವೇ ಆಗಬೇಕೆಂದಿಲ್ಲ. ನಮಗೆ ಚನ್ನಪಟ್ಟಣದಿಂದ ರಾಮನಗರದವರೆಗಿನ ದಾರಿಯೇ ಸಾಕಾಗುತ್ತದೆ.

ಮೊದಲು ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ಕಳೆದ ವರ್ಷ ಅವಳು ಕಾಯಿಲೆಯಿಂದ ತೀರಿಕೊಂಡಳು. ಅವಳ ತಾಯಿ ಮೊದಲಿನಿಂದಲೂ ನಮ್ಮ ಜೊತೆಗಿದ್ದವರು, ಈಗಲೂ ಇದ್ದಾರೆ. ಅತ್ತೆಗೆ ಎಡ ಹೆಗಲಿನ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಪೇಸ್‌ಮೇಕರ್ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ತೋರಿಸಬೇಕು. ಮಗಳ ಕಾರ್ಯ ಮುಗಿದ ಮೇಲೆ ಅವರು, “ನಂಗಿನ್ಯಾಕೆ ಆಸ್ಪತ್ರೆ, ಬುಡಿ ಮೇಷ್ಟ್ರೆ” ಎಂದುಬಿಟ್ಟರು. ಊರಿನವರ ಹಾಗೆ ಅವರೂ ನನ್ನನ್ನು ಮೇಷ್ಟ್ರು ಎಂದೇ ಕರೆಯುವುದು. ಬಹಳ ಹೇಳಿದ ಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು: ಬೆಲ್ಟು ಬಿಗಿಯಬಾರದು, ಬಿಗಿದರೆ ಬರುವುದಿಲ್ಲ.

ಬೆಲ್ಟಿಲ್ಲದೆ ಕರೆದೊಯ್ಯಲು ನನಗೆ ಧೈರ್ಯವಿಲ್ಲ. ಬೆಲ್ಟು ಎಂದರೆ ಅವರು ಹೊರಡುವುದಿಲ್ಲ. ಪಾಠ ಅಲ್ಲಿಂದ ಶುರುವಾಯಿತು.

ಕಪ್ಪು ಅಂಚು

ಮೊದಲ ಸಲ ಹೊರಟಾಗ ಕಾರಿನ ಬಾಗಿಲಲ್ಲಿ ನಿಂತೇ ವಿವರಿಸಿದೆ. ಹಿಂದೆ ಕೂತವರಿಗೂ ಬೆಲ್ಟು ಕಡ್ಡಾಯ, ಬ್ರೇಕು ಹಾಕಿದಾಗ ದೇಹ ಮುಂದಕ್ಕೆ ಹೋಗುತ್ತದೆ, ಹೀಗೆ. ಅತ್ತೆ ಪೂರ್ತಿ ಕೇಳಿ, “ನಾನೇನು ಓಡೋಯ್ತೀನಾ ಮೇಷ್ಟ್ರೆ? ಹಸೂನೂ ಹಾಲು ಕರೆಯೋವಾಗ ಮಾತ್ರ ಕಟ್ತೀವಿ” ಎಂದರು.

ದಾರಿಯುದ್ದಕ್ಕೂ ಹೇಳುತ್ತಲೇ ಹೋದೆ. ರಾಮನಗರ ಹತ್ತಿರವಾದಾಗ ಪೊಲೀಸಿನವರು ಕೈ ಅಡ್ಡ ಹಾಕಿದರು. ಅಷ್ಟರಲ್ಲಿ ಅತ್ತೆ ಸೆರಗನ್ನು ಎಳೆದು, ಅದರ ಅಗಲವಾದ ಕಪ್ಪು ಅಂಚನ್ನು ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಹಿಡಿದು, ನೇರವಾಗಿ ಕೂತಿದ್ದರು. ಪೊಲೀಸಿನವನು ಹಿಂದಕ್ಕೆ ಇಣುಕಿ ನೋಡಿ ನನ್ನ ಕಡೆ ತಿರುಗಿದ.

“ನೋಡಿ ಸಾರ್, ಈ ವಯಸ್ಸಲ್ಲಿ ಅಜ್ಜಿ ಹಾಕ್ಕೊಂಡವ್ರೆ. ನಿಮಗೇನಾಗೈತೆ?”

ಹೇಳುವ ಭರದಲ್ಲಿ ನಾನೇ ಬೆಲ್ಟು ಹಾಕಿಕೊಂಡಿರಲಿಲ್ಲ.

ಅತ್ತೆ ನನ್ನ ಪರವಾಗಿ ಮಾತಾಡಿದರು. “ಬುಟ್ಬುಡಪ್ಪ, ಅವ್ರು ಮೇಷ್ಟ್ರು. ಹೇಳ್ಕೊಡೋದಷ್ಟೇ ಅವ್ರ ಕೆಲಸ.”

ಮೆತ್ತೆ

ಡಾಕ್ಟರ ಮುಂದೆ ಅತ್ತೆಯೇ ಬೆಲ್ಟಿನ ವಿಷಯ ತೆಗೆದರು. “ಮಿಷನ್ ಮೇಲೇ ಒತ್ತುತ್ತೆ ಸಾ, ಬ್ಯಾಡ ಅಂತ ಒಂದ್ ಮಾತು ಹೇಳಿ ಇವ್ರಿಗೆ.”

ಡಾಕ್ಟರು ಹಾಗೆ ಹೇಳಲಿಲ್ಲ. ಎಡಗಡೆ ಕೂತರೆ ಬೆಲ್ಟು ಎಡ ಹೆಗಲ ಮೇಲಿಂದ ಬರುತ್ತದೆ, ಅದಕ್ಕೇ ಒತ್ತುವುದು. ಡ್ರೈವರ್ ಹಿಂದೆ ಕೂತರೆ ಬಲ ಹೆಗಲಿನಿಂದ ಬರುತ್ತದೆ, ಎದೆ ನೋಯುವುದಾದರೆ ನಡುವೆ ಮೆತ್ತಗಿನ ಬಟ್ಟೆ ಇಟ್ಟುಕೊಳ್ಳಿ ಎಂದರು. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಹಳೆಯ ಹತ್ತಿ ಸೀರೆಯನ್ನು ಮಡಿಸಿ, ಗೇಣುದ್ದದ ಮೆತ್ತೆ ಹೊಲಿದು, ಕಾರಿನಲ್ಲಿ ಕೂತು ಅದನ್ನು ಬೆಲ್ಟಿಗೇ ಸೇರಿಸಿ ಹೊಲಿಯುತ್ತಿದ್ದರು. ನೀಲಿ ಸೀರೆ. ಯಾರದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

“ಈಗ ಒತ್ತಾಕಿಲ್ಲ” ಎಂದರು. ಆಮೇಲೆ ಬೆಲ್ಟಿನ ಮಾತೇ ಬರಲಿಲ್ಲ. ಒಂದು ಸಲ ಮಾತ್ರ, ನನ್ನ ಗೆಳೆಯನೊಬ್ಬ ಜೊತೆಗೆ ಬಂದಾಗ, ಅವನು ನನ್ನ ಹಿಂದೆ, ಮೆತ್ತೆ ಇರುವ ಕಡೆ ಕೂರಲು ಹೋದ. ಅತ್ತೆ ತಡೆದರು. “ಅದು ಹಾರ್ಟ್ ಇರೋರ ಜಾಗ. ನೀನು ಈ ಕಡೆ ಬಾ.”

ಕೆಂಗಲ್ ಬಂದಾಗ

ದಾರಿಯಲ್ಲಿ ಸಿಗುವ ಕೆಂಗಲ್ ಆಂಜನೇಯನಿಗೆ ಕೈಮುಗಿಯದೆ ಅತ್ತೆ ಮುಂದೆ ಹೋದವರಲ್ಲ. ಕೂತಲ್ಲೇ ಬಗ್ಗಿ, ಹಣೆಯನ್ನು ಮುಂದಿನ ಸೀಟಿಗೆ ತಾಗಿಸುವುದು ಅಭ್ಯಾಸ. ಬೆಲ್ಟು ಹಾಕಿದ ಮೇಲೆ ಮೊದಲ ಸಲ ದೇವಸ್ಥಾನ ಕಂಡಕೂಡಲೇ ಬಗ್ಗಿದರು. ಬೆಲ್ಟು ಗಕ್ಕನೆ ಹಿಡಿದುಕೊಂಡಿತು. ಮತ್ತೆ ಬಗ್ಗಿದರು, ಮತ್ತೆ ಹಿಡಿಯಿತು.

“ಅತ್ತೆ, ಜರ್ಕು ಬಿದ್ದರೆ ಅದು ಲಾಕ್ ಆಗುತ್ತೆ. ಒಮ್ಮೆ ಹಿಂದಕ್ಕೆ ಒರಗಿ. ಆಮೇಲೆ ನಿಧಾನವಾಗಿ ಬಗ್ಗಿ, ಬಿಟ್ಟುಕೊಡುತ್ತೆ.”

ಒರಗಿದರು. ನಿಧಾನವಾಗಿ ಬಗ್ಗಿದರು. ಬೆಲ್ಟು ಬಿಟ್ಟುಕೊಟ್ಟಿತು. ಹಣೆ ಸೀಟಿಗೆ ತಾಗಿತು. ತಲೆ ಎತ್ತಿ ಕಿಟಕಿಯಾಚೆ ನೋಡಿದರು.

“ಮೇಷ್ಟ್ರೆ, ನಾನೀಗ ಕೈ ಮುಗಿದಿದ್ದು ಪೆಟ್ರೋಲ್ ಬಂಕಿಗೆ.”

ಆಯುಧಪೂಜೆಯಾದ ಮೇಲೆ

ಆಯುಧಪೂಜೆಯ ದಿನ ನಾನು ಕಾರು ತೊಳೆದೆ. ಪೂಜೆ ಅತ್ತೆಯದು. ಬಾನೆಟ್ಟಿಗೆ, ಚಕ್ರಗಳಿಗೆ, ಸ್ಟೇರಿಂಗಿಗೆ ಗಂಧದಲ್ಲಿ ಕಲಸಿದ ಕುಂಕುಮ ಇಟ್ಟ ಮೇಲೆ ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದರು. “ಕಾಯೋದು ಇದೇ ತಾನೆ” ಎಂದು ಅವರು ಹೇಳಿದ್ದು ಕೇಳಿಸಿತು. ಯಾವುದಕ್ಕೆ ಹೇಳಿದರೆಂದು ನಾನು ನೋಡಲಿಲ್ಲ.

ಮುಂದಿನ ಸಲ ಬೆಲ್ಟು ಹಾಕುವಾಗ ಕೊಕ್ಕೆ ಬಿಗಿಯಾಗಿತ್ತು. ಒತ್ತಿ ಕೂರಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ಬಿಚ್ಚಲು ಹೋದರೆ ಕೆಂಪು ಗುಂಡಿ ಕದಲಲೇ ಇಲ್ಲ. ಸಂದಿಯ ತುಂಬ ಗಂಧ ಒಣಗಿ ಕೂತಿತ್ತು. ನಾನು ಒತ್ತಿದೆ, ವಾಚ್‌ಮನ್ ಒತ್ತಿದ, ವೀಲ್‌ಚೇರ್ ತಂದ ನರ್ಸ್ ಒತ್ತಿದರು. ಕೆಳಗಿನಿಂದ ನುಸುಳಿಕೊಂಡು ಬರಲು ಅತ್ತೆಯ ಮಂಡಿ ಬಿಡುವುದಿಲ್ಲ. ವಾಚ್‌ಮನ್ ಕತ್ತರಿ ತಂದ.

ಅತ್ತೆ ಮೆತ್ತೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. “ಇದಕ್ಕೆ ಕತ್ತರಿ ಹಾಕ್‌ಬ್ಯಾಡ ಕಣಪ್ಪ.”

“ಬೇಡ” ಎಂದು ನಾನೂ ಹೇಳಿದೆ.

ವಿಷಯ ಒಳಗೆ ಮುಟ್ಟಿ ಡಾಕ್ಟರೇ ಹೊರಗೆ ಬಂದರು. ಅತ್ತೆಯ ಪಕ್ಕದ ಸೀಟಿನ ಮೇಲೆ ಬಿ.ಪಿ. ಮಿಷನ್ ಇಟ್ಟು, ಹಿಂದಿನ ಬಾಗಿಲಿನಿಂದ ಬಗ್ಗಿ ಎದೆ ಪರೀಕ್ಷಿಸಿದರು. ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದವರೆಲ್ಲ ಎದ್ದು ಬಂದು ನೋಡುತ್ತಿದ್ದರು. “ಎಲ್ಲ ಚೆನ್ನಾಗಿದೆ ಅಜ್ಜಿ. ಬೆಲ್ಟು ಹಾಕಿ ಅಂದೆ, ಇಷ್ಟು ಗಟ್ಟಿಯಾಗಿ ಹಾಕಿ ಅನ್ನಲಿಲ್ಲ” ಎಂದು ನಗುತ್ತಾ ಒಳಗೆ ಹೋದರು.

ಅಲ್ಲಿಂದ ನೇರ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಏನೋ ಸ್ಪ್ರೇ ಹೊಡೆದು, ಬ್ರಷ್ಷಿನಿಂದ ಉಜ್ಜಿ ಬಿಚ್ಚಿಕೊಟ್ಟ. ಅತ್ತೆ ಇಳಿದು ಕಾಲು ಝಾಡಿಸಿ, ಮತ್ತೆ ಹತ್ತಿ, ತಾವೇ ಬೆಲ್ಟು ಹಾಕಿಕೊಂಡರು. ಕೆಂಗಲ್ ಬಂದಾಗ ಒರಗಿ, ನಿಧಾನವಾಗಿ ಬಗ್ಗಿ ಕೈಮುಗಿದರು. ನನಗೆ ಒಳಗೇ ಅಳುಕು. ಇನ್ನು ಆಸ್ಪತ್ರೆಗೆ ಬರುವುದೇ ಇಲ್ಲ ಎನ್ನುತ್ತಾರೋ ಏನೋ.

“ಮೇಷ್ಟ್ರೆ, ಮುಂದಿನ ತಿಂಗಳು ಯಾವತ್ತು ಬರಬೇಕಂತೆ?”

ಹೇಳಿದೆ.

“ಹೊರಡೋ ಮುಂಚೆ ಒಂದ್ ಮಾತು ಹೇಳಿ. ಅದಕ್ಕೆ ಒಸಿ ಗಂಧ ಮೆತ್ತಿ ಮಡಗ್ತೀನಿ. ಟೋಕನ್ ಇಲ್ಲ, ಬೆಂಚಿಲ್ಲ, ಡಾಕ್ಟ್ರೇ ಎದ್ದು ಬತ್ತಾರೆ.”