ಬಾಸ್ಕೆಟ್‌ಬಾಲ್ ಕಮಿಷನರ್ ಸಾಹೇಬರಿಗೆ, ಮೆಟ್ಟಿಲ ಮೇಲೆ ಬಿಟ್ಟ ಬೂಟುಗಳ ವಿಷಯವಾಗಿ

ಪಡುಗಡಲ ಬಾಸ್ಕೆಟ್‌ಬಾಲ್ ಲೀಗನ್ನು ಹುಟ್ಟಿದಂದಿನಿಂದ ಎತ್ತಿ ಆಡಿಸಿ, ಈಗ ಕೆಳಗಿಳಿಸಿ ನಿವೃತ್ತರಾಗಲಿರುವ ಕಮಿಷನರ್ ಸಾಹೇಬರ ಸನ್ನಿಧಿಗೆ, ಕುಂಡಯಿ ಕಾರ್ಖಾನೆಗಳ ಹಿಂದಿನ ಕಾಲೋನಿಯ ಮೀನಾಕ್ಷಿ ಎಂಬುವಳು ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂಬುದು ರಸ್ತೆಯ ದೀಪದ ಕಂಬಗಳಿಂದ ತಿಳಿದು ಸಂತೋಷವಾಯಿತು. ಫೋಂಡಾದಿಂದ ನಮ್ಮ ಕಾಲೋನಿಯ ತಿರುವಿನವರೆಗೆ ಒಂದು ಕಂಬವನ್ನೂ ಬಿಡದೆ ತಮ್ಮ ನಗುಮುಖ ಕಟ್ಟಿದ್ದಾರೆ. ಬೀಳ್ಕೊಡುಗೆಯ ಮುನ್ನವೇ ಬಿಸಿಲಿಗೆ ಬಣ್ಣ ಹಾರಿ ತಮ್ಮ ಗಲ್ಲ ಸ್ವಲ್ಪ ನೀಲಿಯಾಗಿರುವುದನ್ನು ಬಿಟ್ಟರೆ ಆರೋಗ್ಯಕ್ಕೆ ಏನೂ ಕೊರತೆ ಕಾಣುವುದಿಲ್ಲ. ತಮಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೂ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಕಾರಿನ ಡ್ರೈವರ್ ರಫೀಕಣ್ಣ ಗದಗಿನ ಕಡೆಯವರು. "ತಂಗೀ, ನೀ ಬರದು ಪೇಪರಿಗೆ ಕೊಡು, ನಾ ಸಾಹೇಬ್ರಿಗೆ ಓದಿ ಹೇಳ್ತೀನಿ. ಪಣಜಿ ಸೇತುವಿ ಮ್ಯಾಲ ಗಾಡಿ ಸಿಕ್ಕಾಗ ಅವ್ರಾದ್ರೂ ಎಲ್ಲಿಗೆ ಓಡಿ ಹೋಗ್ತಾರ?" ಎಂದು ಧೈರ್ಯ ಕೊಟ್ಟಿದ್ದಾರೆ. ಎದುರಿಗೆ ನಿಂತು ಮಾತಾಡು ಎಂದರೆ ನನಗೆ ನಾಲಗೆ ಒಣಗುತ್ತದೆ. ಆದ್ದರಿಂದ ಈ ಕಾಗದ.

ಮೊದಲು ತಮ್ಮ ಸಾಧನೆಗಳನ್ನು ಕೊಂಡಾಡುವುದು ನನ್ನ ಕರ್ತವ್ಯ. ತಾವು ಬರುವ ಮೊದಲು ಈ ಕಡೆ ಬಾಸ್ಕೆಟ್‌ಬಾಲ್ ಎಂದರೆ ಶಾಲೆಯ ಹುಡುಗರು ಬೆವರು ಸುರಿಸಿ ಆಡುವ ಒಂದು ಆಟವಾಗಿತ್ತು ಅಷ್ಟೆ. ತಾವು ಅದಕ್ಕೆ ಹೊಗೆ, ಬಣ್ಣದ ದೀಪ, ಕುಣಿಯುವ ಗೊಂಬೆ, ಎಲ್ಲಕ್ಕೂ ಮಿಗಿಲಾಗಿ ಜಾಹೀರಾತು ತಂದಿರಿ. ಈಗ ಟಿವಿಯಲ್ಲಿ ಪಂದ್ಯ ನೋಡುವಾಗ ಜಾಹೀರಾತುಗಳ ನಡುವೆ ಎಲ್ಲಾದರೂ ಚೆಂಡು ಕಂಡರೆ ನಮ್ಮ ಕಾಲೋನಿಯ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸಾಂಖಳಿಯ ಹೆಸರಿನಲ್ಲಿ ತಾವು ಒಂದು ತಂಡ ಕಟ್ಟಿದಿರಿ. ಆ ತಂಡ ಸಾಂಖಳಿಗೆ ಒಮ್ಮೆಯೂ ಹೋಗಿ ಆಡಲಿಲ್ಲ. ಪ್ರವಾಸಿಗರು ಇರುವುದು ಕಲಂಗುಟ್‌ನಲ್ಲಾದ್ದರಿಂದ ಅಲ್ಲಿಯ ಹೋಟೆಲಿನ ಹುಲ್ಲಿನ ಮೇಲೆ ತಾತ್ಕಾಲಿಕ ನೆಲ ಹಾಸಿ ಆಡಿತು, ಆಮೇಲೆ ಕಡಲು ದಾಟಿ ಯಾವುದೋ ದೊಡ್ಡ ಊರಿಗೆ ಮಾರಾಟವಾಯಿತು. ಹೆಸರು ಮಾತ್ರ ಇನ್ನೂ ಸಾಂಖಳಿಯದೇ. ಒಂದು ಸಣ್ಣ ಪೇಟೆಯ ಹೆಸರನ್ನು ಅದರ ಒಬ್ಬ ಮನುಷ್ಯನೂ ಜೊತೆಗಿಲ್ಲದೆ ಅಷ್ಟು ದೂರ ಕಳಿಸಿದ ಕೀರ್ತಿ ತಮ್ಮದು. ಇನ್ನು ಹೆಣ್ಣುಮಕ್ಕಳ ತಂಡದ ಬಗ್ಗೆ ಹೇಳುವುದೇ ಬೇಡ. ಅದರ ಹೆಸರು ಘೋಷಣೆಯಾಯಿತು, ಅಂಗಿಯ ಬಣ್ಣ ನಿಶ್ಚಯವಾಯಿತು, ಹಾಡು ಬಂತು, ಹಾಡಿಗೆ ತಾವು ಕುಣಿದದ್ದೂ ಬಂತು. ಆಟಗಾರ್ತಿಯರನ್ನು ಆರಿಸುವುದೊಂದೇ ಬಾಕಿ ಇತ್ತು. ಆ ಬಾಕಿಯೇ ಈ ಕಾಗದದ ವಿಷಯ.

ನಮ್ಮ ಕಾಲೋನಿಗೆ ತಾವು ಮಾಡಿದ ಉಪಕಾರವನ್ನು ಮರೆಯುವಷ್ಟು ಕೆಟ್ಟವಳು ನಾನಲ್ಲ. ಲೀಗಿನ ಗೋಡೌನ್ ಕಟ್ಟುವಾಗ ಮಿಕ್ಕ ಸಿಮೆಂಟಿನಲ್ಲಿ ಪಕ್ಕದ ಖಾಲಿ ಜಾಗಕ್ಕೆ ನೆಲ ಹಾಕಿಸಿ, ಎರಡು ಕಂಬ ನೆಟ್ಟು ರಿಂಗು ಕೂರಿಸಿದ್ದು ತಾವೇ. ಆ ನೆಲ ಹಾಕಿದವನು ನನ್ನ ಅಪ್ಪ ಗುರುಲಿಂಗ. ಅವನು ಗೌಂಡಿ, ತಾನು ಹಾಕಿದ ನೆಲದ ಮೇಲೆ ಚೆಂಡು ಅಡ್ಡಾದಿಡ್ಡಿ ಪುಟಿದರೆ ಇವತ್ತಿಗೂ ಊಟ ಬಿಟ್ಟು ಎದ್ದು ನೋಡುತ್ತಾನೆ. ನೆಲ ಒಣಗಿದ ದಿನ ನಮ್ಮ ಸಾಲಿನ ಹಿರಿಯಳಾದ ಶಿವವ್ವಜ್ಜಿ ಬಂದು, ನೀರು ಹೊಡೆದು, ನಡುವಿನ ಸುತ್ತಿನೊಳಗೆ ರಂಗೋಲಿ ಹಾಕಿ, ಕಂಬಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದಳು. ಒಡೆದವಳೇ ಕಾನೂನು ಮಾಡಿದಳು: "ಪೂಜಿ ಆಗಿಂದ ಇದು ಬರೇ ಕಾಂಕ್ರೀಟ್ ಅಲ್ಲ. ಯಾರರೆ ಕಾಲಾಗ ಮೆಟ್ಟ ಹಾಕ್ಕೊಂಡು ಒಳಗ ಬಂದ್ರ ನನ್ನ ಕೈಯಾಗ ಅದೇ ಮೆಟ್ಟಲೆ ತಿಂತೀರಿ ನೋಡ್ರಿ."

ಆದ್ದರಿಂದ ನಮ್ಮ ಹುಡುಗಿಯರು ಬರಿಗಾಲಲ್ಲಿ ಆಡಿದರು. ಇದನ್ನು ತಾವು ದಯವಿಟ್ಟು ಗಮನಿಸಬೇಕು. ಅವರಿಗೆ ಬೂಟು ಇರಲಿಲ್ಲವೆಂದಲ್ಲ. ನನ್ನ ತಂಗಿ ಸುಮಲತಾಳ ಬಿಳಿ ಬೂಟು ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಅವ್ವನ ಎದುರೇ ಆರಿಸಿ ತಂದದ್ದು. ಉಳಿದವರದ್ದೂ ಇದ್ದವು. ಗುಡಿಯ ಮುಂದೆ ಬಿಟ್ಟಂತೆ ನೆಲದ ಅಂಚಿಗೆ ಸಾಲಾಗಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ಆಡುವುದು ಅವರಿಗೆ ರೂಢಿಯಾಗಿತ್ತು. ಸುಮಲತಾ ಆ ನೆಲದ ಮೇಲೆ ಹೇಗೆ ಆಡುತ್ತಿದ್ದಳೆಂದರೆ, ಪಾಳಿ ಮುಗಿಸಿ ಮನೆಗೆ ಹೊರಟ ಕಾರ್ಖಾನೆಯವರು ಬುತ್ತಿ ಡಬ್ಬಿ ಕೈಯಲ್ಲಿ ಹಿಡಿದೇ ನಿಂತುಬಿಡುತ್ತಿದ್ದರು.

ಅಂಥ ಒಂದು ಸಂಜೆ ತಮ್ಮ ಸವಾರಿ ಚಿತ್ತೈಸಿತು. ತಾವು ಕಾರಿನಿಂದ ಇಳಿದು ಆ ಬರಿಗಾಲುಗಳನ್ನು ನೋಡಿದಿರಿ, ಕರವಸ್ತ್ರ ತೆಗೆದಿರಿ. ಬಡತನವನ್ನು ಅಷ್ಟು ಬೇಗ ಗುರುತಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ತಮಗೆ ಅದು ಇಲ್ಲದ ಕಡೆಯೂ ಕಾಣಿಸುತ್ತದೆ. ಜೊತೆಗಿದ್ದ ಫೋಟೋದವನು "ಏ, ಜೂತೇ ಹಟಾವೋ" ಎಂದು ಅಂಚಿನ ಬೂಟುಗಳನ್ನೆಲ್ಲ ಗಟಾರದ ಆಚೆಗೆ ಇಡಿಸಿ, ಕಾಲುಗಳದ್ದಷ್ಟೇ ಚಿತ್ರ ತೆಗೆದ. ಎಲ್ಲರಿಗಿಂತ ಮುಂದೆ ಬಿರುಕು ಬಿಟ್ಟ ಒಂದು ಜೋಡಿ ಪಾದ, ಅದರ ಹಿಂದೆ ಉಳಿದವು, ಮೇಲೆ ತಮ್ಮ ಮಾತು: "ಬರಿಗಾಲೇ ಬಾಸ್ಕೆಟ್‌ಬಾಲಿನ ಭವಿಷ್ಯ." ಆ ಚಿತ್ರ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಕಲಂಗುಟ್ ದಾರಿಯಲ್ಲಿರುವ ಲೀಗಿನ ಆಟದ ಹಾಲಿನ ಹೆಬ್ಬಾಗಿಲಿಗೆ ಏರಿತು. ಕೆಲವು ದಿನ ಬಿಟ್ಟು ತಮ್ಮ ಆಫೀಸಿನವರು ಮತ್ತೆ ಬಂದು, ಚಿತ್ರದಲ್ಲಿ ಮುಂದಿದ್ದ ಅವೇ ಪಾದಗಳನ್ನು ಹಸಿ ಸಿಮೆಂಟಿನ ತಟ್ಟೆಯಲ್ಲಿ ಒತ್ತಿಸಿಕೊಂಡು ಹೋದರು. ಅದೂ ಈಗ ಹಾಲಿನೊಳಗೆ ಗಾಜಿನ ಪೆಟ್ಟಿಗೆಯಲ್ಲಿ ತಣ್ಣಗೆ ಕುಳಿತಿದೆಯೆಂದು ರಫೀಕಣ್ಣ ಹೇಳಿದರು.

ಇಂಥ ಹಾಲಿಗೇ ಹೆಣ್ಣುಮಕ್ಕಳ ತಂಡದ ಟ್ರಯಲ್ಲಿಗೆ ಸುಮಲತಾಳನ್ನು ಕರೆದಾಗ ನಮ್ಮ ಸಾಲಿನವರೆಲ್ಲ ಬಸ್ ಸ್ಟಾಪಿನವರೆಗೆ ಬಂದು ಕಳಿಸಿದರು. ಜೊತೆಗೆ ನಾನಿದ್ದೆ. ಬಾಗಿಲಿನ ಮೇಲೆ ಬರಿಗಾಲಿನ ಆ ದೊಡ್ಡ ಚಿತ್ರ. ಒಳಗೆ ಮರದ ನೆಲ, ದೇವರ ಮುಂದಿನ ಮಣೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದ್ದೇ ಸುಮಲತಾ ಮೆಟ್ಟಿಲ ಮೇಲೆ ಕುಳಿತು, ಬಿಳಿ ಬೂಟು ಬಿಚ್ಚಿ, ಜೋಡಿಸಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ನಡೆದಳು. ಇಷ್ಟು ಚಂದದ ನೆಲಕ್ಕೆ ಯಾರೂ ಕಾಯಿ ಒಡೆದಿರುವುದಿಲ್ಲ ಎಂದು ಅವಳಿಗೆ ಹೇಗೆ ಹೊಳೆಯಬೇಕು? ಸೀಟಿ ಕೊರಳಿಗೆ ಹಾಕಿಕೊಂಡ ತಮ್ಮ ಅಧಿಕಾರಿ ಅವಳನ್ನು ಕಾಲಿನಿಂದ ಮೇಲಕ್ಕೆ ನೋಡಿ, "ಜೂತೇ ಕಹಾಂ ಹೈ?" ಎಂದರು. "ಬಾಹರ್ ಹೈ ಸರ್" ಎಂದಳು. "ಜೂತೇ ಬಾಹರ್, ತೋ ತೂ ಭೀ ಬಾಹರ್", ಬೂಟು ಹೊರಗಿದ್ದರೆ ನೀನೂ ಹೊರಗೇ, ಎಂದು ನಕ್ಕು, ಸುತ್ತಲಿದ್ದವರನ್ನೂ ನಗಿಸಿ, ಅವಳ ಹೆಸರಿನ ಮೇಲೆ ಗೆರೆ ಎಳೆದರು. ಅವಳು ಓಡಿ ಬಂದು ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಮುಂದಿನವಳ ಹೆಸರು ಕೂಗಿಯಾಗಿತ್ತು. ಒಮ್ಮೆ ಗೆರೆ ಎಳೆದ ಹೆಸರನ್ನು ಮತ್ತೆ ಕರೆಯುವುದು ತಮ್ಮ ನಿಯಮದಲ್ಲಿ ಇಲ್ಲವಂತೆ. ಅವಳು ಚೆಂಡನ್ನು ಮುಟ್ಟಲೇ ಇಲ್ಲ ಸಾಹೇಬರೇ.

ಎಂಥ ನಾಜೂಕಿನ ಏರ್ಪಾಡು ಎಂದು ನಾನು ಬಸ್ಸಿನಲ್ಲಿ ಬರುತ್ತ ಬೆರಗಾದೆ. ಬರಿಗಾಲು ಗೋಡೆಯ ಮೇಲಿರಬಹುದು, ಗಾಜಿನ ಪೆಟ್ಟಿಗೆಯಲ್ಲಿರಬಹುದು, ತಮ್ಮ ಭಾಷಣದಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು. ಅದಕ್ಕೊಬ್ಬ ಹುಡುಗಿ ಅಂಟಿಕೊಂಡು ಆಡಲು ಬಂದರೆ ಮಾತ್ರ ತೊಂದರೆ. ಮನುಷ್ಯರನ್ನು ಹೊರಗಿಟ್ಟು ಕಾಲುಗಳನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಈ ವಿದ್ಯೆಯನ್ನು ತಾವು ಮುಂದಿನ ಕಮಿಷನರಿಗೂ ಹೇಳಿಕೊಟ್ಟು ಹೋಗಬೇಕು. ಆಗ ಈ ಆಟಕ್ಕೆ ಆಟಗಾರರ ಕಾಟವೇ ತಪ್ಪುತ್ತದೆ.

ಸುದ್ದಿ ಕೇಳಿ ಶಿವವ್ವಜ್ಜಿ ಎದೆ ಬಡಿದುಕೊಂಡಳು. "ಅಯ್ಯ ನನ್ನವ್ವಾ, ನೀ ಅದನ್ನ ಗುಡಿ ಅಂತ ತಿಳಕೊಂಡಿ, ಅವ್ರು ಅಂಗಡಿ ಅಂತ ತಿಳಕೊಂಡಾರ. ಇದಕ್ಕ ನನ್ನ ಬಾಯೇ ಕಾರಣ ಆತಲ್ಲ" ಎಂದು ಬಹಳ ಹಳಹಳಿಸಿದಳು. ಸುಮಲತಾ ಚೆಂಡನ್ನು ಅಟ್ಟಕ್ಕೆ ಎಸೆದಳು. ನಾನು ಬಾಟಲಿ ತೊಳೆಯುವ ಶೆಡ್ಡಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇದೆಯೇ ಎಂದು ಕೇಳಿದಳು. ಖಾಲಿ ಇತ್ತು. ಅದಕ್ಕೆ ಟ್ರಯಲ್ ಇರುವುದಿಲ್ಲ. ಅಲ್ಲಿ ಕಾಲು ದಿನವಿಡೀ ನೀರಿನಲ್ಲಿರುವುದರಿಂದ ಬೂಟನ್ನೂ ಕೇಳುವುದಿಲ್ಲ. ಅವ್ವ ಮಾತ್ರ ಹಬ್ಬ ಮುಗಿಯಲಿ, ಆಮೇಲೆ ಹೋಗು ಎಂದು ತಡೆದಳು.

ದಸರೆಯ ಖಂಡೇಪೂಜೆಯ ದಿನ ನಮ್ಮಲ್ಲಿ ಕೈಯಲ್ಲಿ ಹಿಡಿದು ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು ಪೂಜಿಸುತ್ತಾರೆ. ಅಪ್ಪ ಸಿಮೆಂಟು ಮೆತ್ತುವ ಥಾಪಿ, ಗೋಡೆಯ ನೇರ ನೋಡುವ ಓಳಂಬ, ಅವ್ವ ಕಾಂಕ್ರೀಟು ಹೊರುವ ಬುಟ್ಟಿ ಎಲ್ಲ ಜಗಲಿಯ ಮೇಲಿದ್ದವು. ಶಿವವ್ವಜ್ಜಿ ಒಳಗೆ ಹೋದವಳು ಸುಮಲತಾಳ ಬೂಟು ತಂದು ಥಾಪಿಯ ಪಕ್ಕದಲ್ಲೇ ಇಟ್ಟಳು. ಅಪ್ಪ, "ಎ ಆಯಿ, ಮೆಟ್ಟಿಗೆ ಪೂಜಿ ಮಾಡ್ತಾರೇನ?" ಎಂದು ಗಾಬರಿಯಾದ. "ಮೆಟ್ಟು ಅಂತ ಯಾರಂದ್ರು? ಗೌಂಡಿಗೆ ಥಾಪಿ, ಈಕಿಗೆ ಇದು. ಹತ್ಯಾರ ಅಂದಮ್ಯಾಲ ಹತ್ಯಾರ. ನೀ ಥಾಪಿ ಹೊರಗಿಟ್ಟು ಗ್ವಾಡಿ ಕಟ್ಟೀಯೇನಪಾ?" ಎಂದವಳೇ ಎರಡೂ ಬೂಟಿನ ಮೂತಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಊದುಬತ್ತಿ ಬೆಳಗಿದಳು. ಆಮೇಲೆ ಸುಮಲತಾಳ ಕೈಯಲ್ಲಿಟ್ಟು, "ಇನ್ನ ಇದನ್ನ ಹಾಕ್ಕೊಂಡು ಎಲ್ಲಿ ಬೇಕಾದ್ರೂ ಒಳಗ ಹೋಗು. ಯಾರರೆ ಕೇಳಿದ್ರ ನನ್ನ ಹೆಸರು ಹೇಳು" ಎಂದಳು. ಸುಮಲತಾ ಆ ದಿನವೇ ಚೆಂಡನ್ನು ಅಟ್ಟದಿಂದ ಇಳಿಸಿದಳು. ಕುಂಕುಮದ ಕಲೆ ಬೂಟಿನಿಂದ ಇನ್ನೂ ಹೋಗಿಲ್ಲ. ಅವಳು ತೊಳೆಯುವುದೂ ಇಲ್ಲ. ಈಗ ನಮ್ಮ ನೆಲದ ಮೇಲೆ ಹುಡುಗಿಯರೆಲ್ಲ ಬೂಟು ಹಾಕಿಕೊಂಡೇ ಆಡುತ್ತಾರೆ. ಹೀಗಾಗಿ ತಾವು ಹೆಬ್ಬಾಗಿಲಿಗೆ ಏರಿಸಿದ ಬಾಸ್ಕೆಟ್‌ಬಾಲಿನ ಭವಿಷ್ಯ ನಮ್ಮ ಕಾಲೋನಿಯಲ್ಲಿ ಮುಗಿದುಹೋಗಿದೆಯೆಂದು ತಿಳಿಸಲು ವಿಷಾದವಾಗುತ್ತದೆ.

ಮೊನ್ನೆ ರಫೀಕಣ್ಣನ ಕೈಯಲ್ಲಿ ತಮ್ಮ ಬೀಳ್ಕೊಡುಗೆಯ ಕರೆ ಬಂತು. ಬರುವ ಶನಿವಾರ ಅದೇ ಹಾಲಿನಲ್ಲಿ, ಅದೇ ಮರದ ನೆಲದ ಮೇಲೆ ವೇದಿಕೆ. ಚಿತ್ರದಲ್ಲಿರುವ ಹುಡುಗಿ ಸುಮಲತಾಳೇ ಎಂದುಕೊಂಡು, ಅವಳು ಬರಿಗಾಲಲ್ಲಿ ವೇದಿಕೆಗೆ ಬಂದು ತಮ್ಮ ಕೈಗೆ ಚೆಂಡು ಒಪ್ಪಿಸಬೇಕು, ಬೂಟು ಹಾಕಿಕೊಂಡು ಬಂದರೆ ಮೇಲೆ ಬಿಡುವುದಿಲ್ಲ ಎಂದು ಬರೆಸಿದ್ದೀರಿ. ಒಂದೇ ನೆಲ, ಒಂದೇ ಕಾಲು. ಆಡಲು ಬಂದಾಗ ಬೂಟಿಲ್ಲವೆಂದು ಹೊರಗೆ, ತಮ್ಮ ಪಕ್ಕ ನಿಲ್ಲಲು ಬೂಟಿದೆಯೆಂದು ಹೊರಗೆ. ಈ ನಿಯಮಗಳನ್ನು ಮಾಡಿದವರಿಗೆ ಬೇರೆ ಸನ್ಮಾನವನ್ನೇ ಮಾಡಬೇಕು.

ತಾವು ಹೋಗುವ ಮೊದಲು ನನ್ನ ಕೆಲವು ವಿನಂತಿಗಳನ್ನು ನಡೆಸಿಕೊಡಬೇಕು. ಗಟಾರದ ಆಚೆ ಇಡಿಸಿದ ಬೂಟುಗಳ ಸಾಲನ್ನು ಆ ದೊಡ್ಡ ಚಿತ್ರದ ಅಂಚಿಗೆ ಯಾರಾದರೂ ಪೇಂಟರನ್ನು ಹಿಡಿದು ಬರೆಸಬೇಕು. ಕುಣಿಯುವ ಗೊಂಬೆಗೆ ಬಾಸ್ಕೆಟ್‌ಬಾಲ್ ಆಡಲು ಬರುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಬೇಕು. ಬಂದರೆ ಹೆಣ್ಣುಮಕ್ಕಳ ತಂಡದ ಚಿಂತೆ ಮುಗಿಯಿತು. ಬರಿಗಾಲಿನ ಮೇಲೆ ತಮಗಿರುವ ಪ್ರೀತಿ ನಿವೃತ್ತಿಯಲ್ಲೂ ಕುಂದಬಾರದೆಂಬ ಆಸೆಯಿಂದ, ಮೇ ತಿಂಗಳ ನಡುಮಧ್ಯಾಹ್ನ ನಮ್ಮ ಸಿಮೆಂಟು ನೆಲದ ಮೇಲೆ ಈ ರಿಂಗಿನಿಂದ ಆ ರಿಂಗಿನವರೆಗೆ ತಾವೊಮ್ಮೆ ನಡೆದು ತೋರಿಸಬೇಕು. ಫೋಟೋದವನನ್ನು ನಾವೇ ಕರೆಸುತ್ತೇವೆ. ಇವು ಯಾವುವೂ ಆಗದಿದ್ದರೆ ಬೇಸರವಿಲ್ಲ. ಸುಮಲತಾಳ ಹೆಸರಿನ ಮೇಲಿನ ಗೆರೆಯನ್ನಷ್ಟೇ ಅಳಿಸಿ. ಹೊಸ ಕಮಿಷನರ್ ಬಂದು, ಕುರ್ಚಿ ಬದಲಿಸಿ, ಮತ್ತೆ ಟ್ರಯಲ್ ಕರೆಯುವಷ್ಟರಲ್ಲಿ ಅವಳ ವಯಸ್ಸು ಮೀರಿರುತ್ತದೆ. ಶನಿವಾರದವರೆಗೆ ಸಹಿ ಮಾಡುವ ಅಧಿಕಾರ ತಮ್ಮದೇ ಇದೆ.

ಇದನ್ನು ಓದಿ ಹೇಳಿದಾಗ ಸುಮಲತಾ, "ಇಷ್ಟ್ಯಾಕ ಬೇಡ್ಕೋತಿ ಅಕ್ಕಾ? ನಾ ಹೋಗ್ತೇನಿ ಬಿಡು" ಎಂದಳು. ಹೌದು ಸಾಹೇಬರೇ, ಶನಿವಾರ ಅವಳು ಬರುತ್ತಾಳೆ. ಕುಂಕುಮದ ಕಲೆಯಿರುವ ಬೂಟು ಹಾಕಿಕೊಂಡು, ಮೆಟ್ಟಿಲ ಮೇಲೆ ಕೂರದೆ, ನೇರ ಒಳಗೆ ಬರುತ್ತಾಳೆ. ಚೆಂಡನ್ನು ತಮ್ಮ ಕೈಗೆ ಒಪ್ಪಿಸುವುದಿಲ್ಲ. ವೇದಿಕೆಯ ಹಿಂದೆ ರಿಂಗು ಇದೆಯಷ್ಟೆ, ಅದಕ್ಕೆ ಹಾಕುತ್ತಾಳೆ. ತಮ್ಮ ಸೀಟಿಯ ಅಧಿಕಾರಿ ಅಲ್ಲೇ ಇರುತ್ತಾರೆ. ಈ ಸಲ ಕಾಲು ನೋಡದೆ ಚೆಂಡು ಎಲ್ಲಿ ಬಿತ್ತೆಂದು ನೋಡಿ, ಅದನ್ನೇ ಟ್ರಯಲ್ ಎಂದು ಬರೆದುಕೊಳ್ಳಲಿ. ಹಿಡಿಯಲೆಂದು ಚಾಚಿದ ಕೈಗಳನ್ನು ತಾವು ಏನು ಮಾಡಬೇಕೆಂದು ಈಗಲೇ ಯೋಚಿಸಿಟ್ಟುಕೊಂಡರೆ ಒಳ್ಳೆಯದು. ಚಪ್ಪಾಳೆ ತಟ್ಟಬಹುದು.

ಇಷ್ಟಾದ ಮೇಲೂ, ಶನಿವಾರದವರೆಗೆ,
ತಮ್ಮ ವಿಶ್ವಾಸಿ,
ಮೀನಾಕ್ಷಿ ಗುರುಲಿಂಗ
ಕುಂಡಯಿ

ತಾ.ಕ.: ಹಾಲಿನ ಹೆಬ್ಬಾಗಿಲ ಮೇಲಿನ ಆ ಚಿತ್ರದಲ್ಲಿ ಮುಂದಿರುವ, ಗಾಜಿನ ಪೆಟ್ಟಿಗೆಯಲ್ಲಿ ತಾವು ಕಾಪಾಡಿರುವ ಬಾಸ್ಕೆಟ್‌ಬಾಲಿನ ಭವಿಷ್ಯದ ಪಾದಗಳು ಸುಮಲತಾಳವಲ್ಲ, ನನ್ನವು. ನಾನು ಈವರೆಗೆ ಒಂದು ಚೆಂಡನ್ನೂ ರಿಂಗಿನೊಳಗೆ ಹಾಕಿದವಳಲ್ಲ. ಅಂದು ನೆಲ ಗುಡಿಸಲು ಬಂದಿದ್ದೆ. ಆಡುವ ಹುಡುಗಿಯರ ಕಾಲು ಚೆನ್ನಾಗಿದ್ದುದರಿಂದ ತಮ್ಮ ಫೋಟೋದವನು ಬಿರುಕು ಹೆಚ್ಚಿರುವ ಕಾಲು ಹುಡುಕಿ ನನ್ನನ್ನು ಮುಂದೆ ನಿಲ್ಲಿಸಿದ. ಅಷ್ಟು ಜನರ ಎದುರು ಬೇಡವೆನ್ನಲು ನನಗೆ ನಾಚಿಕೆಯಾಯಿತು. ತಮಗೆ ನಾಚಿಕೆ ಆಗುವುದಿಲ್ಲವೆಂದು ತಿಳಿದು ಈಗ ಧೈರ್ಯವಾಗಿ ಹೇಳಿದ್ದೇನೆ. ಶನಿವಾರ ಆ ಪಾದಗಳ ದರ್ಶನ ಬೇಕಾದರೆ ಹಿಂದಿನ ಸಾಲಿನಲ್ಲಿ ಹುಡುಕಿಸಿ. ಚಪ್ಪಲಿ ಹಾಕಿಕೊಂಡಿರುತ್ತವೆ.