ನೇಣು ಹಾಕಾಕ ಯಾರೂ ಒಲ್ಲರು

ಸಿನಿಮಾ ತೆಗೀತೇನಿ ಅಂತ ಒಮ್ಮೆ ಬಾಯಿ ಬಿಟ್ಟು ನೋಡ್ರಿ, ನಗೂವಂಥ ಪ್ರಸಂಗ ತಾವಾಗೇ ಮನಿ ಹುಡುಕ್ಕೊಂಡು ಬರ್ತಾವ. ಮರಣದಂಡನೆ ಸರಿನೋ ತಪ್ಪೋ ಅಂತ ನೋಡಿದವರು ನಿದ್ದಿಗೆಡಬೇಕು, ಅಂಥಾ ಸಿನಿಮಾ ನಂದು. ತೆಗದೇ ತೆಗೀತೇನಿ ಅಂತ ನನಗ ಖಾತ್ರಿ ಇತ್ತು. ಉಳಿದವರು ಮಾತ್ರ ಒಬ್ಬೊಬ್ಬರಾಗಿ ಕೈ ಎತ್ತಿದ್ರು.

೧. ಬಡಿಗೇರನ ಮರ್ಯಾದಿ

ಇಂಡಿ ಊರಾಗ ಒಂದು ಹತ್ತಿ ಗೋದಾಮು ಬಾಡಿಗಿ ಹಿಡದು ಜೈಲು ಮಾಡಿದ್ವಿ. ನೇಣುಗಂಬ ಮಾಡಿದಾಂವ ಮನಗೂಳಿಯ ಬಡಿಗೇರ. ಏನು ಕೆಲಸ ಅಂತೀರಿ! ಹಿಡಿ ಎಳದೆ, ಕಾಲಾಗಿನ ಹಲಗಿ ಬೀಳಲೇ ಇಲ್ಲ. ನಾಕು ಮಂದಿ ಹತ್ತಿ ಕುಣಿದ್ರೂ ಜಪ್ಪಯ್ಯ ಅನ್ನಲಿಲ್ಲ.

"ಇದು ಬೀಳಬೇಕಲ್ಲೋ ಮಾರಾಯಾ!"

"ಸರ, ನಾ ಮಾಡಿದ್ದರ ಮ್ಯಾಲೆ ನಿಂತಾಂವ ಇವತ್ತಿನ ತನಕ ಒಬ್ಬನೂ ಬಿದ್ದಿಲ್ಲ. ನಿಮ್ಮ ಸಲುವಾಗಿ ಹೆಸರು ಕೆಡಿಸ್ಕೊಳ್ಳಲೇನು?"

ಕಡೀಕ ಮೊಳಿ ನಾನೇ ಕಿತ್ತೆ.

೨. ಮುದ್ದೇಬಿಹಾಳದ ಕೋರ್ಟು

ಮುದ್ದೇಬಿಹಾಳದಾಗ ಕೋರ್ಟಿನ ಸೀನು. ಬಸವನ ಬಾಗೇವಾಡಿಯ ನಿವೃತ್ತ ಮಾಸ್ತರು ನಮ್ಮ ನ್ಯಾಯಾಧೀಶರು. ಎದುರಿಗೆ ಊರ ಮಂದಿ. "ಯಾರೂ ಪಿಟ್ ಅನಬ್ಯಾಡ್ರಿ" ಅಂತ ಕೈ ಮುಗದು ಹೇಳಿದ್ದೆ. ಮಾಸ್ತರು ಗಂಟಲು ಸರಿ ಮಾಡ್ಕೊಂಡು ಗಲ್ಲು ಶಿಕ್ಷೆ ಅಂದ್ರು. ಒಬ್ಬಾಕಿ ಮುದುಕಿ ಎದ್ದಳು.

"ಯಪ್ಪಾ, ಮನ್ಯಾಗ ಜಗಳಾಡಿ ಬಂದೀಯೇನು? ಒಂದೀಟು ಚಾ ಕುಡಿ. ತಲಿ ತಣ್ಣಗಾದಮ್ಯಾಲೆ ಹೇಳುವಂತಿ."

ನಾ ಕಟ್ ಅನ್ನೂದರಾಗ ನ್ಯಾಯಾಧೀಶರು ಚಾ ಕುಡಿಯಾಕ ಹೋಗಿದ್ರು!

೩. ಕಡೀ ಶಾಟ್

ಶೂಟಿಂಗಿನ ಕಡೀ ದಿನ; ಮರುದಿನ ಗೋದಾಮಿಗೆ ಹತ್ತಿ ಬರೂದಿತ್ತು. ಅವತ್ತು ಹೊತ್ತು ಮುಳುಗೂದರಾಗ ನೇಣಿನ ಶಾಟ್ ಆಗದಿದ್ರ ನನ್ನ ಸಿನಿಮಾಕ್ಕ ಕೊನಿನೇ ಇಲ್ಲ.

ನೇಣು ಹಾಕಾಂವ ಝಳಕಿ ಧಾಬಾದ ಮಾಲಕ, ಮೀಸಿ ನೋಡಿದ್ರ ಹೆದರಬೇಕು. ಕೈದಿ ಸಿಂದಗಿಯ ನಾಟಕದ ಹುಡುಗ. ಹದಿನೈದು ದಿನ ಇಬ್ಬರೂ ಒಂದೇ ಗಂಗಾಳದಾಗ ರೊಟ್ಟಿ ಉಂಡವರು.

ಹಲಗಿ ಕೆಳಗ ಗಾದಿ ಹಾಸಿ, ಕ್ಯಾಮೆರಾ ಚಾಲೂ ಮಾಡಿದ್ವಿ. ಕೈದಿ ತನ್ನ ಮಾತು ಎಷ್ಟು ಚಂದ ಹೇಳಿದಾ ಅಂದ್ರ ನನ್ನ ಕಣ್ಣಾಗ ನೀರು ಬಂತು. ಆಮ್ಯಾಲೆ, ನಮ್ಮ ಕಡೆ ಯಾರೂ ಹೊರಡುವಾಗ "ಹೋಗ್ತೇನಿ" ಅನ್ನೂದಿಲ್ಲ ನೋಡ್ರಿ, ರೂಢಿ ಮ್ಯಾಲೆ ಧಾಬಾದಾಂವಗ ಅಂದುಬಿಟ್ಟಾ:

"ಬರ್ತೇನಿ, ಕಾಕಾ."

"ಹೂಂ, ಲಗೂ ಬಾರಪಾ. ಊಟಕ್ಕ ಕಾಯ್ತೇನಿ."

"ಎಳಿಯೋ!" ಅಂತ ಚೀರಿದೆ. ಧಾಬಾದಾಂವ ಹಿಡಿ ಬಿಟ್ಟು ಕಣ್ಣು ಒರಸ್ಕೊಂಡಾ. ಹೊತ್ತು ಮುಳುಗೇ ಬಿಡ್ತು. ಮೊದಲು ಸಿಟ್ಟು ನೆತ್ತಿಗೇರಿತ್ತು, ಸುಳ್ಳ್ಯಾಕ ಹೇಳಲಿ. ಆದ್ರ ಕ್ಯಾಮೆರಾ ಇನ್ನೂ ಚಾಲೂನೇ ಇತ್ತು, ಅವಾಗ ಅವ ಅಂದ ಮಾತಿಗೇ ಸಿನಿಮಾ ಮುಗಿಸೇನಿ:

"ಬರ್ತೇನಿ ಅಂದಾನಲ್ರಿ ಸರ! ಇನ್ನ ಹ್ಯಾಂಗ ಎಳೀಲಿ?"